ಸಹಾಯ ಬೇಕು: ಡಕೋಟಾ ವಿಮಾನದ ಕಾಕ್‌ಪಿಟ್‌ಗೆ ಹಳೆಯ ಮೀಟರ್‌ಗಳು

ಎಲ್ಲರಿಗೂ ನಮಸ್ಕಾರ. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಹೊತ್ತೊಯ್ದ ಡಕೋಟಾ ವಿಮಾನಗಳ ಬಗ್ಗೆ ದಾವಣಗೆರೆಯ ನಾವು ಐವರು ಗೆಳೆಯರು ಕಿರುಚಿತ್ರ ಮಾಡುತ್ತಿದ್ದೇವೆ. ಸೆಟ್ಟಿಗೆ ಕೈಯಲ್ಲಿರುವುದು 35,000 ರೂಪಾಯಿ.

ಪ್ಲೈವುಡ್ ಚೌಕಟ್ಟು ಎದ್ದು ನಿಂತಿದೆ. ಕಿಟಕಿಗೆ ಗಾಜು ಹಾಕಿಲ್ಲ, ಹಾಕಿದರೆ ದೀಪಗಳೆಲ್ಲ ಅದರಲ್ಲಿ ಕಾಣುತ್ತವೆ. ಕಾಡುತ್ತಿರುವುದು ಮೀಟರ್ ಫಲಕ. ಆ ಕಾಲದ ಡಯಲುಗಳ ಅಗಲ ಸುಮಾರು 80 ಮಿಲಿಮೀಟರ್. ಮುದ್ರಿಸಿದ ಕಾಗದ ಅಂಟಿಸಿ ನೋಡಿದೆವು. ಕ್ಯಾಮೆರಾ ಹತ್ತಿರ ಹೋದೊಡನೆ ಬಣ್ಣ ಬಯಲಾಯಿತು. ಎತ್ತರ ತೋರಿಸುವ ಮುಳ್ಳು ಅಲುಗದಿದ್ದರೆ ವಿಮಾನ ಹಾರುತ್ತಿದೆ ಎಂದು ಯಾರು ನಂಬುತ್ತಾರೆ? ಹಾಗಾಗಿ ಲಾರಿ, ಟ್ರ್ಯಾಕ್ಟರ್, ಬಾಯ್ಲರ್‌ಗಳ ಹಳೆಯ ದುಂಡು ಮೀಟರ್‌ಗಳು ಬೇಕು. ಕೆಟ್ಟಿದ್ದರೂ ಚಿಂತೆಯಿಲ್ಲ, ಮುಳ್ಳು ಮತ್ತು ಗಾಜು ಇದ್ದರೆ ಸಾಕು. ನಮ್ಮ ಹತ್ತಿ ಗಿರಣಿಗಳು ಮುಚ್ಚಿದಾಗ ಇಂಥವು ಎಷ್ಟೋ ಗುಜರಿಗೆ ಹೋಗಿರಬೇಕು. ಈಗ ಯಾವ ಅಂಗಡಿಯಲ್ಲಿ ಹುಡುಕಬಹುದು?

ಇನ್ನೊಂದು ಕೋರಿಕೆ. ಪೈಲಟ್‌ಗಳಿಬ್ಬರ ನಡುವೆ ಥ್ರಾಟಲ್ (ಎಂಜಿನ್ ಶಕ್ತಿ ಹೆಚ್ಚು-ಕಡಿಮೆ ಮಾಡಲು), ಪ್ರೊಪೆಲ್ಲರ್, ಮಿಕ್ಸ್ಚರ್ (ಇಂಧನ-ಗಾಳಿಯ ಮಿಶ್ರಣಕ್ಕೆ) ಎಂದು ಎರಡೆರಡರಂತೆ ಆರು ಲಿವರ್‌ಗಳು ಬರುತ್ತವೆ. ಅವುಗಳ ಹಿಡಿಕೆಯನ್ನು ಕಡಿಮೆ ಕೂಲಿಗೆ ಕಡೆದುಕೊಡುವ ಲೇತ್ ಕೆಲಸಗಾರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ದೀಪಾವಳಿಯ ಮರುವಾರವೇ ಚಿತ್ರೀಕರಣ. ಎರವಲು ಕೊಟ್ಟ ಮೀಟರ್‌ಗಳನ್ನು ಜೋಪಾನವಾಗಿ ಹಿಂದಿರುಗಿಸುತ್ತೇವೆ.