ಪದ್ಮಿನಿಗೆ ಕಳ್ಳ ಸ್ವಿಚ್: ಕಾಯಿಲ್ ಲೈನಿಗೋ, ಸೆಲ್ಫ್ ಲೈನಿಗೋ?

ಹಳೇಗಾಡಿ_ಕೆಎ06

1988ರ ಪ್ರೀಮಿಯರ್ ಪದ್ಮಿನಿ, ಪೆಟ್ರೋಲ್, ಇನ್ನೂ ಸಿಬಿ ಪಾಯಿಂಟ್‌ನಲ್ಲೇ (ಕಾಯಿಲ್ ಕರೆಂಟನ್ನ ಕಡಿದು ಕಿಡಿ ಹುಟ್ಟಿಸೋ ಹಳೇ ಕಾಂಟ್ಯಾಕ್ಟ್) ಓಡ್ತಿದೆ. ತುಮಕೂರು ಎಸ್.ಎಸ್. ಪುರಂನಲ್ಲಿ ರಾತ್ರಿ ರಸ್ತೆ ಬದಿಯಲ್ಲೇ ನಿಲ್ಲಬೇಕು, ಶೆಡ್ ಇಲ್ಲ. ಬಾಗಿಲ ಬೀಗಕ್ಕೆ ಯಾವ ಕೀ ಹಾಕಿದ್ರೂ ತಿರುಗುತ್ತೆ ಅನ್ನೋ ಸ್ಥಿತಿ. ಕಳ್ಳ ಗಾಡಿ ಸ್ಟಾರ್ಟ್ ಮಾಡದಂಗೆ ಒಳಗೆಲ್ಲೋ ಬಚ್ಚಿಟ್ಟ ‘ಕಳ್ಳ ಸ್ವಿಚ್’ ಬೇಕು. ಕೀಯಿಂದ ಇಗ್ನಿಷನ್ ಕಾಯಿಲ್‌ಗೆ ಹೋಗೋ ವೈರ್ ಕತ್ತರಿಸಿ ಮಧ್ಯೆ ಸ್ವಿಚ್ ಕೊಟ್ರೆ ಸಾಕಾ? ಎಷ್ಟು ಆಂಪಿಯರ್ ಸ್ವಿಚ್, ಎಷ್ಟು ದಪ್ಪ ವೈರ್? ಡ್ಯಾಶ್‌ಬೋರ್ಡಿಗೆ ಹೊಸ ತೂತು ಬೇಡ.

ಡೆಲ್ಕೋ ಕ್ಯಾಪ್

ಆ ವೈರ್ ಕತ್ತರಿಸಬೇಡಿ ಸರ್. ಬಾನೆಟ್ ಎತ್ತಿ ಬ್ಯಾಟರಿ ಪ್ಲಸ್‌ನಿಂದ ಕಾಯಿಲ್ ಪ್ಲಸ್‌ಗೆ ಒಂದು ತುಂಡು ವೈರ್ ಕೊಟ್ಟರೆ ನಿಮ್ಮ ಸ್ವಿಚ್ ಇದ್ದೂ ಇಲ್ಲದಂತೆ. ಹಳೇ ಗಾಡಿ ಕದಿಯೋನಿಗೆ ಮೊದಲು ಗೊತ್ತಿರೋದೇ ಅದು. ಇನ್ನೊಂದು, ಕಾಯಿಲ್‌ನ ಪೂರ್ತಿ ಕರೆಂಟು ಆ ಸ್ವಿಚ್ ಮೂಲಕವೇ ಹರಿಯಬೇಕು. ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿದ ದಿನ ಗಾಡಿ ನಡುರಸ್ತೆಯಲ್ಲಿ ಮಿಸ್ ಹೊಡೆಯುತ್ತೆ.

ಉಲ್ಟಾ ಮಾಡಿ. ಕಾಯಿಲ್‌ನಿಂದ ಡೆಲ್ಕೋಗೆ (ಪಾಯಿಂಟ್ ಇರೋ ಡಿಸ್ಟ್ರಿಬ್ಯೂಟರ್) ಹೋಗೋ ಕಡೆಯ ಟರ್ಮಿನಲ್‌ನಿಂದ (ಹಳೇ ಕಾಯಿಲ್‌ನಲ್ಲಿ ‘ಸಿಬಿ’ ಅಂತ, ಹೊಸದರಲ್ಲಿ ಮೈನಸ್ ಗುರುತು) ಒಂದು 1.5 ಚದರ ಮಿ.ಮೀ. ವೈರ್ ಒಳಗಿನ ಸ್ವಿಚ್‌ಗೆ ತನ್ನಿ, ಸ್ವಿಚ್‌ನ ಇನ್ನೊಂದು ಕಾಲನ್ನು ಬಾಡಿಗೆ ಅರ್ತ್ ಮಾಡಿ. ಸ್ವಿಚ್ ಆನ್ ಇದ್ದರೆ ಪಾಯಿಂಟ್ ತೆರೆದರೂ ಕಾಯಿಲ್ ಕರೆಂಟು ಕಡಿಯೋದೇ ಇಲ್ಲ, ಹಾಗಾಗಿ ಕಿಡಿ ಹುಟ್ಟಲ್ಲ. ಪ್ಲಸ್‌ಗೆ ಎಷ್ಟು ವೈರ್ ಕೊಟ್ಟರೂ ಅಷ್ಟೇ. ಸೆಲ್ಫ್ (ಸ್ಟಾರ್ಟರ್ ಮೋಟಾರ್) ತಿರುಗುತ್ತೆ, ಎಂಜಿನ್ ಹತ್ತಲ್ಲ. ಪೆಟ್ರೋಲ್ ಬರ್ತಿಲ್ಲ ಅಂದ್ಕೊಂಡು ಕಾರ್ಬ್ಯುರೇಟರ್ ತಡಕ್ತಾ ಕೂರ್ತಾನೆ.

ಬ್ಯಾಲಸ್ಟ್ (ಹೊರಗಿನ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್‌ನ ಪ್ರೈಮರಿ ಸುಮಾರು 3 ಓಮ್, ಅಂದರೆ 4 ಆಂಪಿಯರ್. ಸ್ವಿಚ್ 12 ವೋಲ್ಟ್ ಡಿಸಿಗೆ 10 ಆಂಪಿಯರ್‌ದು ಇರಲಿ. ಮನೆ ಕರೆಂಟಿನ ಸ್ವಿಚ್ ಬೇಡ, ಎಸಿ ರೇಟಿಂಗ್ ಡಿಸಿಗೆ ಲೆಕ್ಕಕ್ಕೆ ಬರಲ್ಲ.

ಎಡವೋದು ಎರಡು ಕಡೆ. ಒಂದು, ಫೈರ್‌ವಾಲ್ (ಎಂಜಿನ್‌ಗೂ ಒಳಗಿನ ಸೀಟಿಗೂ ನಡುವಿನ ತಗಡು) ದಾಟೋ ಜಾಗ. ಅಲ್ಲಿ ರಬ್ಬರ್ ಬುಷ್ ಇಲ್ಲದೆ ವೈರ್ ತಗಡಿಗೆ ಉಜ್ಜಿದರೆ ಎಂಜಿನ್ ಓಡ್ತಾ ಓಡ್ತಾನೇ ಆಫ್. ಎರಡು, ಕಳ್ಳ ಸ್ವಿಚ್ ಆನ್ ಇರೋದು ಮರೆತು ಇಗ್ನಿಷನ್ ಆನ್‌ನಲ್ಲೇ ಬಿಡೋದು. ಕಾಯಿಲ್ ಸುಟ್ಟುಕೊಳ್ಳುತ್ತೆ. ಪಾಯಿಂಟ್ ತೆಗೆದು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿದ್ದರೆ ಈ ವಿಧಾನ ಬಿಡಿ, ಮಾಡ್ಯೂಲ್‌ಗೆ ಬರೋ ಪ್ಲಸ್ ಕಟ್ ಮಾಡಿ.

ರಿಲೇ ರಂಗ, ಕೋಲಾರ

ಮೇಲಿನವರ ಲೆಕ್ಕ ಸರಿ. ಆದ್ರೆ ಕಾಯಿಲ್ ಮೈನಸ್‌ನಲ್ಲಿ ಎರಡನೇ ವೈರ್ ಕಂಡ್ರೆ ತಿಳಿದೋನು ಮೊದಲು ಅದನ್ನೇ ಕಿತ್ತು ಬಿಸಾಕ್ತಾನೆ. ಆ ಜಾಯಿಂಟ್ ಕಾಯಿಲ್ ಮೇಲೆ ಬೇಡ. ಡೆಲ್ಕೋ ವೈರನ್ನ ಹಾರ್ನೆಸ್ (ವೈರ್‌ಗಳ ಕಟ್ಟು) ಒಳಗೆ ಒಂದಡಿ ಹಿಂದೆ ಹಿಡಿದು ಜೋಡಿಸಿ, ಹಳೇ ಕಪ್ಪು ಟೇಪ್‌ನಲ್ಲೇ ಸುತ್ತಿ. ಥಳಥಳ ಕೆಂಪು ವೈರ್ ಎಳೆದ್ರೆ ದಾರಿ ತೋರ್ಸಿದಂಗೆ.

ನನ್ನ ಕೇಳಿದ್ರೆ ಮೊದಲು ಸೆಲ್ಫ್ ಕಟ್ ಮಾಡಿ. ಅದು ಓಡೋ ಎಂಜಿನ್ನನ್ನ ಎಂದೂ ನಿಲ್ಸಲ್ಲ. ಎನ್‌ಎಚ್ 48ರಲ್ಲಿ ಹಿಂದೆ ಲಾರಿ ಬರ್ತಿರುವಾಗ ಮಂಡಿ ತಾಗಿ ಸ್ವಿಚ್ ಬಿದ್ರೂ ಏನೂ ಆಗಲ್ಲ.

ಸೊಲೆನಾಯ್ಡ್‌ನ (ಸೆಲ್ಫ್‌ಗೆ ಕರೆಂಟು ಕೊಡೋ ದೊಡ್ಡ ಸ್ವಿಚ್) ಸಣ್ಣ ಟರ್ಮಿನಲ್‌ಗೆ ಕೀಯಿಂದ ಬರೋ ವೈರ್ ಬಿಚ್ಚಿ, 4 ಕಾಲಿನ 30 ಆಂಪಿಯರ್ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಆನ್ ಮಾಡೋ ಸ್ವಿಚ್) 86 ನಂಬರ್ ಕಾಲಿಗೆ ಕೊಡಿ. 85ರಿಂದ ಕಳ್ಳ ಸ್ವಿಚ್, ಅಲ್ಲಿಂದ ಅರ್ತ್. 30ಕ್ಕೆ ಬ್ಯಾಟರಿ ಪ್ಲಸ್, ಮಧ್ಯೆ 30 ಆಂಪಿಯರ್ ಫ್ಯೂಸ್. 87ರಿಂದ ಸೊಲೆನಾಯ್ಡ್‌ಗೆ 2.5 ಚದರ ಮಿ.ಮೀ. ವೈರ್. ಸೊಲೆನಾಯ್ಡ್ ಎಳೆಯೋ ಭಾರ ಈಗ ರಿಲೇ ಮೇಲೆ, ಹಳೇ ಕೀ ಕಾಂಟ್ಯಾಕ್ಟ್‌ಗೂ ಉಸಿರು ಬಂದಂಗೆ. ಸ್ವಿಚ್ ಮೇಲೆ ಬರೋದು 0.2 ಆಂಪಿಯರ್ ಅಷ್ಟೇ, ಆದ್ರಿಂದ ರೀಡ್ ಸ್ವಿಚ್ (ಮ್ಯಾಗ್ನೆಟ್ ಹತ್ತಿರ ಹಿಡಿದ್ರೆ ಆನ್ ಆಗೋ ಪುಟ್ಟ ಸ್ವಿಚ್) ಸಾಕು. ಬೆಂಗಳೂರು ಎಸ್.ಪಿ. ರೋಡ್‌ನಲ್ಲಿ ಸಿಗುತ್ತೆ. ರಿಲೇ ಕಾಯಿಲ್‌ಗೆ ಅಡ್ಡಲಾಗಿ ಒಂದು 1ಎನ್4007 ಡಯೋಡ್ ಹಾಕಿ, ಬಿಳಿ ಪಟ್ಟಿ 86ರ ಕಡೆ. ಇಲ್ಲಾಂದ್ರೆ ರೀಡ್ ಕಡ್ಡಿ ಬೇಗ ಅಂಟ್ಕೊಳ್ಳುತ್ತೆ.

ರೀಡ್ ಸ್ವಿಚ್ಚನ್ನ ಡ್ಯಾಶ್‌ಬೋರ್ಡ್ ತಗಡಿನ ಹಿಂದೆ ಇಟ್ಟರೆ ಮ್ಯಾಗ್ನೆಟ್ ಕೆಲಸ ಮಾಡಲ್ಲ, ಉಕ್ಕು ತಡೆಯುತ್ತೆ. ಕಾಲಿನ ಪಕ್ಕದ ಹಾರ್ಡ್‌ಬೋರ್ಡ್ ಹಿಂದೆ ಅಂಟಿಸಿ. ಕೀ ಗೊಂಚಲಲ್ಲಿ ಪುಟ್ಟ ಮ್ಯಾಗ್ನೆಟ್ ಬೇಡ, ಬೇರೆ ಜೇಬಲ್ಲಿ ಇರ್ಲಿ. ಒಂದು ಕೈಲಿ ಹಿಡಿದು ಇನ್ನೊಂದು ಕೈಲಿ ಕೀ ತಿರುಗ್ಸಿ. ಆನ್ ಆಫ್ ಮರೆಯೋ ತಾಪತ್ರಯವೇ ಇಲ್ಲ, ಹೊಸ ತೂತೂ ಬೇಡ.

ಹಳೇಗಾಡಿ_ಕೆಎ06

ತಳ್ಳಿ ಸ್ಟಾರ್ಟ್ ಮಾಡಿದ್ರೆ? ಬ್ಯಾಟರಿ ಮೈನಸ್‌ಗೆ ತಿರುಪೋ ಕಟ್ ಆಫ್ ಹಾಕಿದ್ರೆ ಇಷ್ಟೆಲ್ಲ ಬೇಕಾ?

ರಿಲೇ ರಂಗ, ಕೋಲಾರ

ತಳ್ಳಿದ್ರೆ ಹತ್ತುತ್ತೆ. ಅದಕ್ಕೇ ಕಾಯಿಲ್ ಸ್ವಿಚ್, ಸೆಲ್ಫ್ ಸ್ವಿಚ್ ಎರಡೂ ಬೇಕು, ಬೇರೆ ಬೇರೆ ಜಾಗದಲ್ಲಿ.

ಮೀಟರ್‌ಬೋರ್ಡ್

ಬ್ಯಾಟರಿ ಕಟ್ ಆಫ್ ಕಳ್ಳನಿಗಿಂತ ಬೆಂಕಿಗೆ ಒಳ್ಳೆಯದು. ಬಾನೆಟ್ ತೆರೆದವನ ಕಣ್ಣಿಗೆ ಮೊದಲು ಬೀಳುವುದೇ ಅದು. ಹಾಕಿಸಿದರೂ ಎಂಜಿನ್ ಓಡುವಾಗ ತಿರುವಬೇಡಿ, ಆಲ್ಟರ್ನೇಟರ್‌ನ ಡಯೋಡ್ ಹೋಗಬಹುದು.

ಇನ್ಶೂರೆನ್ಸ್ ರಿಯಾಯಿತಿಯ ಆಸೆ ಇದ್ದರೆ: 2002ರ ಹಳೆಯ ಮೋಟಾರ್ ಟ್ಯಾರಿಫ್ ಪ್ರಕಾರ ಸ್ವಂತ ಹಾನಿ ಪ್ರೀಮಿಯಂನಲ್ಲಿ ಶೇ. 2.5, ಹೆಚ್ಚೆಂದರೆ 500 ರೂಪಾಯಿ ಇತ್ತು. ಅದೂ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಸಾಧನಕ್ಕೆ ಮಾತ್ರ. ಕೈಯಾರೆ ಮಾಡಿದ ಈ ಸ್ವಿಚ್‌ಗೆ ಸಿಗುವುದಿಲ್ಲ.

ಟೆಂಪೋಗೆ ಏರಿಸಿ ಒಯ್ಯುವವನನ್ನು ಯಾವ ಸ್ವಿಚ್ಚೂ ತಡೆಯದು. ರಸ್ತೆ ಬದಿಯಲ್ಲಿ ನಿಲ್ಲಿಸುವ ಗಾಡಿಗೆ ಸ್ಟೀರಿಂಗ್ ಲಾಕ್, ಚಕ್ರಕ್ಕೆ ಸರಪಳಿ ಬೇಕೇ ಬೇಕು.

ಡೆಲ್ಕೋ ಕ್ಯಾಪ್

ಹಾಕಿದ ಮೇಲೆ ಅಳೆದು ನೋಡಿ. ಪಾಯಿಂಟ್ ಮಧ್ಯೆ ಒಂದು ರಟ್ಟಿನ ತುಂಡು ಸಿಗಿಸಿ ತೆರೆದಿಟ್ಟು, ಇಗ್ನಿಷನ್ ಆನ್, ಕಳ್ಳ ಸ್ವಿಚ್ಚೂ ಆನ್. ಸಿಬಿ ಟರ್ಮಿನಲ್‌ಗೂ ಬ್ಯಾಟರಿ ಮೈನಸ್‌ಗೂ ಮಲ್ಟಿಮೀಟರ್ ಹಿಡಿದರೆ 0.2 ವೋಲ್ಟ್ ಒಳಗಿರಬೇಕು. ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ: ಬೋಲ್ಟ್ ಬಿಚ್ಚಿ, ತಗಡಿನ ಬಣ್ಣ ಹೊಳಪು ಬರೋವರೆಗೆ ಕೆರೆದು, ಲಗ್ ಕೂರಿಸಿ, ಮೇಲೆ ಗ್ರೀಸ್ ಸವರಿ ಮತ್ತೆ ಅಳೆಯಿರಿ.