ಕೈ ಮೇಲೆ ದೊಡ್ಡ ಟ್ಯಾಟೂ ಇದೆ, ಹಾಸನ ಕೋರ್ಟಲ್ಲಿ ಪ್ರಾಕ್ಟೀಸ್‌ಗೆ ತೊಂದ್ರೆ ಆಗುತ್ತಾ?

ಹೊಸ ಜೂನಿಯರ್:
ಎಲ್ರಿಗೂ ನಮಸ್ಕಾರ. ವಕೀಲನಾಗಿ ಎನ್ರೋಲ್ ಆಗಿ ಐದು ತಿಂಗಳು, ಹಾಸನದಲ್ಲಿ ಒಬ್ರು ಸಿವಿಲ್ ಸೀನಿಯರ್ ಹತ್ರ ಇದೀನಿ. ಲಾ ಓದುವಾಗ ಬೆಂಗಳೂರಿಗೆ ಹೋಗಿ ಬಲಗೈಗೆ, ಮಣಿಕಟ್ಟಿಂದ ಮೊಣಕೈವರೆಗೂ, ಹೊಯ್ಸಳ ಲಾಂಛನ ಹಾಕಿಸ್ಕೊಂಡಿದ್ದೆ, ಸಳ ಸಿಂಹ ಹೊಡೀತಿರೋದು, ಬೇಲೂರಲ್ಲಿ ಇದ್ಯಲ್ಲ ಅದೇ. ಚಳಿಗಾಲ ಪೂರ್ತಿ ಕೋಟ್ ಒಳಗೆ ಮುಚ್ಚೋಗಿತ್ತು, ಯಾರಿಗೂ ಗೊತ್ತಾಗ್ಲಿಲ್ಲ. ಈಗ ಬೇಸಿಗೆ ಅಂತ ಎಲ್ರೂ ಕೋಟ್ ತೆಗೆದು ಬಿಳಿ ಶರ್ಟು, ಕೊರಳಿನ ಬ್ಯಾಂಡಲ್ಲಿ ಬರ್ತಾರೆ, ನಾನೂ ಹಾಗೇ ಹೋದೆ, ಬೆವರಿಗೆ ತೋಳು ಮೈಗಂಟಿ ಸಿಂಹ ಬಾಲದ ಸಮೇತ ಕಾರ್ಬನ್ ಕಾಪಿ ಥರ ಕಾಣಿಸ್ತಿತ್ತಂತೆ.

ಸೀನಿಯರ್ ಕೋರ್ಟಲ್ಲಿ ಏನೂ ಅನ್ಲಿಲ್ಲ. ಸಂಜೆ ಆಫೀಸಲ್ಲಿ ಫೈಲ್ ಕಟ್ತಿದ್ದಾಗ "ಏನಪ್ಪಾ, ಬೇಲೂರು ದೇವಸ್ಥಾನಾನೇ ಕೈ ಮೇಲೆ ಕಟ್ಕೊಂಡಿದ್ದೀಯಲ್ಲ, ಪಾರ್ಟಿಗಳ ಮುಂದೆ ತೋಳು ಮಡಚ್ಬೇಡ" ಅಂದ್ರು. ತಮಾಷೆಗೆ ಅಂದ್ರೋ ಬೈದ್ರೋ ಇವತ್ತಿಗೂ ಗೊತ್ತಿಲ್ಲ. ಆದ್ರೆ ಮಾರನೇ ದಿನ ಕೇಸಿಗೆ ಮುಂದಿನ ಡೇಟ್ ತಗೊಳ್ಳೋಕೆ ನನ್ ಬದ್ಲು ಇನ್ನೊಬ್ಬ ಜೂನಿಯರ್‌ನ ಕಳ್ಸಿದ್ರು, ಅದೇ ತಲೇಲಿ ಕೊರೀತಾ ಇದೆ. ಬಾರ್ ಕೌನ್ಸಿಲ್ ರೂಲ್ ಏನಾದ್ರೂ ಇದ್ಯಾ? ಲೇಸರಲ್ಲಿ ತೆಗೆಸ್ಬಿಡ್ಲಾ? ಅಮ್ಮನ್ನ ಕೇಳಿದ್ರೆ "ನಿಮ್ಮಜ್ಜಿ ಕೈತುಂಬಾ ಹಚ್ಚೆ ಇತ್ತು, ಯಾರ್ ಏನ್ ಕೇಳಿದ್ರು" ಅಂತಾರೆ, ಅಜ್ಜಿ ಏನ್ ವಕಾಲತ್ತು ಹಾಕ್ತಿದ್ರಾ.

ರೂಲ್‌ಬುಕ್ ರಾಯ:
ರೂಲ್ ಇಲ್ಲ, ನಿಶ್ಚಿಂತೆಯಾಗಿರು. ಡ್ರೆಸ್ ಬಗ್ಗೆ ಇರೋದು ಬಾರ್ ಕೌನ್ಸಿಲ್ ಆಫ್ ಇಂಡಿಯಾ ರೂಲ್ಸ್ ಭಾಗ 6, ಅಧ್ಯಾಯ 4. ಕರಿ ಕೋಟು, ಬಿಳಿ ಬ್ಯಾಂಡ್, ಗೌನು ಅಂತ ಹೇಳುತ್ತೆ, ಜೀನ್ಸ್ ಬೇಡ ಅನ್ನುತ್ತೆ, ಪಂಚೆ ಉಟ್ಕೊಂಡು ಬಂದ್ರೂ ಆಗುತ್ತೆ ಅನ್ನುತ್ತೆ (ಹಾಸನದಲ್ಲಿ ಯಾರಾದ್ರೂ ಬಂದಿದ್ ನೋಡಿದೀರಾ?), ಚರ್ಮದ ಮೇಲೆ ಏನಿರ್ಬೇಕು ಅಂತ ಒಂದಕ್ಷರ ಇಲ್ಲ. ಸುಪ್ರೀಂ ಕೋರ್ಟ್ ಹೈಕೋರ್ಟ್ ಬಿಟ್ಟು ಬೇರೆ ಕಡೆ ಬೇಸಿಗೇಲಿ ಕೋಟ್ ಕಡ್ಡಾಯ ಅಲ್ಲ ಅನ್ನೋದೂ ಅಲ್ಲೇ ಇದೆ, ಅಂದ್ರೆ ನಿನ್ ಸಿಂಹನ ಹೊರಗೆ ತಂದಿದ್ದೂ ಅದೇ ರೂಲು. ಎನ್ರೋಲ್‌ಮೆಂಟಿಗೆ ಅಡ್ಡ ಬರೋ ವಿಷಯಗಳು 1961ರ ಅಡ್ವೊಕೇಟ್ಸ್ ಆಕ್ಟ್ ಸೆಕ್ಷನ್ 24ಎ ನಲ್ಲಿವೆ, ಅಲ್ಲೂ ಟ್ಯಾಟೂ ಮಾತಿಲ್ಲ. ಸಿಆರ್‌ಪಿಎಫ್ ಬಿಎಸ್‌ಎಫ್ ಕಡೆಗಾದ್ರೆ ಮೆಡಿಕಲ್‌ನಲ್ಲೇ ನೋಡ್ತಾರೆ, ಎಡ ಮುಂಗೈ ಒಳಭಾಗ ಆದ್ರೆ ಸರಿ, ಬಲಗೈ ಸೆಲ್ಯೂಟ್ ಹೊಡೆಯೋ ಕೈ ಅಂತ ಒಪ್ಪಲ್ಲ. ನೀನು ಸೆಲ್ಯೂಟ್ ಹೊಡೀಬೇಕಾಗಿಲ್ವಲ್ಲ.

ಹಳೇ ವಕೀಲ:
ರೂಲ್ ಓದಿ ಹೇಳೋದು ಸುಲಭ ಕಣಪ್ಪ. ಜಡ್ಜ್ ಸಾಹೇಬ್ರು ನಿನ್ ಕೈ ನೋಡಲ್ಲ, ಪೇಪರ್ ನೋಡ್ತಾರೆ. ನೋಡೋನು ಪಾರ್ಟಿ. ಅವ್ರಪ್ಪನ ಕಾಲದಿಂದ ಪಾಲಿನ ದಾವೆ ನಡೀತಿರುತ್ತೆ, ಅರಕಲಗೂಡಿಂದ ಬೆಳಿಗ್ಗೆ ಬಸ್ ಹತ್ತಿ ಬಂದಿರ್ತಾನೆ, ಜಮೀನಿನ ಪತ್ರ ಕೊಡೋ ಕೈ ನೋಡೇ ಕೊಡ್ತಾನೆ. ಇನ್ನೊಂದು, ನಮ್ಮಂಥ ಕ್ರಿಮಿನಲ್ ಕಡೆಯವ್ರು ಹಚ್ಚೆ ಅನ್ನೋ ಪದ ಓದೋದೇ ಯುಡಿಆರ್ (ಅಸಹಜ ಸಾವಿನ ವರದಿ) ಫೈಲಲ್ಲಿ, "ಅಪರಿಚಿತ ಗಂಡಸಿನ ಶವ, ಬಲಗೈ ಮೇಲೆ ಹಚ್ಚೆ ಗುರುತು ಇರುತ್ತದೆ" ಅಂತ. ಹಂಗಾಗಿ ನೋಡಿದ ತಕ್ಷಣ ಒಂಥರಾ ಆಗುತ್ತೆ, ತಪ್ಪು ತಿಳ್ಕೋಬೇಡ. ನಿಮ್ ಸೀನಿಯರ್ ಬೇರೆಯವ್ನ ಕಳ್ಸಿದ್ದು ಇದಕ್ಕೇ ಅಂತ ಯಾಕ್ ಅಂದ್ಕೊಂಡೆ? ಹೋಗಿ ನೇರವಾಗಿ ಕೇಳು.

ಚಿಕ್ಕಮಗಳೂರಿನವಳು:
ಹಳೇ ವಕೀಲ ಸರ್, ಅದು ಅರ್ಧ ಸತ್ಯ. ನನ್ ಎಡ ಮಣಿಕಟ್ಟಲ್ಲಿ ಒಂದು ಸಣ್ಣ ಕಾಫಿ ಹೂವಿನ ಗೊಂಚಲಿದೆ, ಗಂಡಸರ ತೋಳಿನಷ್ಟು ದೊಡ್ಡದೇನಲ್ಲ, ಆದ್ರೂ ವಕೀಲರ ಬಾರ್ ರೂಮಲ್ಲಿ ಒಂದು ವರ್ಷ ಅದೇ ಮಾತು, ಮದ್ವೆ ಹೆಂಗಾಗುತ್ತೆ ಅನ್ನೋವರೆಗೂ. ಪಾರ್ಟಿಗಳು ಬೇರೆ ಥರ. ಜೀವನಾಂಶದ ಕೇಸಿಗೆ ಬಂದಿದ್ದ ಒಬ್ರು ವಯಸ್ಸಾದ ಅಮ್ಮ ವಕಾಲತ್ತಿಗೆ ಹೆಬ್ಬೆಟ್ಟು ಒತ್ತಿ, ಇಂಕ್ ಕೈಯಲ್ಲೇ ನನ್ ಕೈ ಹಿಡ್ಕೊಂಡು "ಯಾರವ್ವ ಹುಯ್ದಿದ್ದು, ನೋವಾಗ್ಲಿಲ್ವಾ" ಅಂತ ಕೇಳಿ, ತಮ್ಮ ಮುಂಗೈ ಮೇಲಿನ ರಂಗೋಲಿ ಚುಕ್ಕಿ ತೋರ್ಸಿದ್ರು, ಹಸಿರೆಲ್ಲ ಹರಡಿ ಬೂದಿ ಬಣ್ಣ ಆಗಿತ್ತು. ಆಮೇಲೆ ಅವ್ರ ಊರಿಂದ ಬರೋರೆಲ್ಲ ಗೇಟಲ್ಲಿ "ಹಚ್ಚೆ ಲಾಯರಮ್ಮ ಎಲ್ಲವ್ರೆ" ಅಂತಾನೇ ಕೇಳೋದು. ನನ್ ಹೆಸರು ಯಾರಿಗೂ ಗೊತ್ತಿಲ್ಲ, ಅದೊಂದ್ ಬೇಜಾರು.

ಲೇಸರ್ ಸಂತ್ರಸ್ತ:
ತೆಗೆಸೋಕೆ ಹೋಗೋ ಮುಂಚೆ ಇದು ಓದು. ಒಂದ್ ಸಿಟ್ಟಿಂಗಲ್ಲಿ ಹೋಗಲ್ಲ, ಆರೆಂಟು ವಾರ ಬಿಟ್ಟು ಬಿಟ್ಟು ಎಷ್ಟೋ ಸಿಟ್ಟಿಂಗ್ ಬೇಕು. ಕಪ್ಪು ಇಂಕ್ ಬೇಗ ಕರಗುತ್ತೆ, ಹಸಿರು ನೀಲಿ ಸೇರಿದ್ರೆ ಕಷ್ಟ. ಒಗ್ಗರಣೆಯ ಸಾಸಿವೆ ಒಂದೊಂದಾಗಿ ಕೈ ಮೇಲೆ ಸಿಡಿದ್ರೆ ಹೆಂಗಿರುತ್ತೋ ಹಂಗೆ. ನಾನು ಮೂರಕ್ಕೆ ನಿಲ್ಲಿಸ್ದೆ, ಈಗ ಕೈ ಅರ್ಧ ಅಳಿಸಿದ ಸ್ಲೇಟು, ಮೊದ್ಲು ಟ್ಯಾಟೂ ಯಾಕೆ ಅಂತ ಕೇಳ್ತಿದ್ದೋರು ಈಗ ಏನಾಯ್ತು ಸುಟ್ಕೊಂಡ್ರಾ ಅಂತಾರೆ. ಬೈಕ್ ಓಡಿಸೋರು ಬಿಸಿಲಿಗೆ ಹಾಕೋ ಕೈ ಸ್ಲೀವ್ ಸಿಗುತ್ತಲ್ಲ, ಮೈಬಣ್ಣದ್ದು ತಗೊಂಡು ಶರ್ಟ್ ಒಳಗೆ ಹಾಕ್ಕೋ.

ಹೊಸ ಜೂನಿಯರ್:
ಎಲ್ರಿಗೂ ಥ್ಯಾಂಕ್ಸ್. ಇವತ್ತು ಸೀನಿಯರ್‌ನ ಕೇಳೇಬಿಟ್ಟೆ ಹಳೇ ವಕೀಲ ಸರ್. ಆವತ್ತು ಆ ಜೂನಿಯರ್ ಬೈಕ್ ಕೋರ್ಟ್ ಹತ್ರಾನೇ ಸರ್ವಿಸಿಗೆ ಬಿಟ್ಟಿದ್ನಂತೆ, ಅದಕ್ಕೇ ಅವನ್ನ ಕಳ್ಸಿದ್ದಂತೆ. ಟ್ಯಾಟೂ ಬಗ್ಗೆ ಕೇಳಿದ್ರೆ "ಸಿಂಹದ ಮುಖ ಸರಿ ಬಂದಿಲ್ಲ ಕಣೋ, ನಾಯಿ ಥರ ಇದೆ" ಅಂದ್ರು. ಸ್ಲೀವ್ ತಗೊಂಡಿದೀನಿ, ಸೋಮವಾರ ಹಾಕ್ಕೊಂಡು ಹೋಗ್ತೀನಿ.