ಸಹಾಯ ಬೇಕು: ಟೈರ್ ಸೆನ್ಸರ್ ಬಂತು, ಆ್ಯಪ್ ಹಾಕಲು ಭಯ

ಎಲ್ಲರಿಗೂ ನಮಸ್ಕಾರ. ವಾರಕ್ಕೆರಡು ಸಲ ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಸುಳ್ಯಕ್ಕೆ ಹೋಗಿ ಬರುತ್ತೇನೆ. ಕಾರಿನ ಮುಂದಿನ ಎರಡೂ ಟೈರ್‌ಗಳ ಅಂಚು ತುಂಬಾ ಸವೆದಿದೆ, ನಡುವೆ ಮಾತ್ರ ಗ್ರಿಪ್ ಚೆನ್ನಾಗಿದೆ. ಪಂಕ್ಚರ್ ಅಂಗಡಿಯವರು ಕೈ ಸವರಿ ನೋಡಿ, "ಗಾಳಿ ಕಡಿಮೆ ಇಟ್ಟು ಓಡಿಸಿದ್ದೀರಿ ಸಾರ್" ಅಂದರು. ಮರುದಿನ ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿದರೆ ಗಾಳಿ 33 ಪಿಎಸ್‌ಐ ಇರಬೇಕಾದ ಕಡೆ 26! ಸುಮ್ನೆ ಒಮ್ಮೆ ಒದ್ದು ನೋಡಿ ಹೊರಡುವ ಅಭ್ಯಾಸ ನನ್ನದು, ತಪ್ಪು ನನ್ನದೇ.

ಅದಕ್ಕೇ ವಾಲ್ವ್ ಮುಚ್ಚಳದ ಜಾಗದಲ್ಲಿ ತಿರುಗಿಸಿ ಕೂರಿಸುವ, ಗಾಳಿ ಅಳೆದು ಫೋನಿಗೆ ತಿಳಿಸುವ ಬ್ಲೂಟೂತ್ ಸೆನ್ಸರ್ ತರಿಸಿದೆ. ಅದರ ಆ್ಯಪ್ ಪ್ಲೇ ಸ್ಟೋರ್‌ನಲ್ಲಿ ಇಲ್ಲ. ಡಬ್ಬಿ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಎಪಿಕೆ ಫೈಲ್ (ಸ್ಟೋರ್ ಇಲ್ಲದೆ ನೇರವಾಗಿ ಆ್ಯಪ್ ಹಾಕುವ ಫೈಲ್) ಇಳಿಯುತ್ತದೆ, ಫೋನ್ ಎಚ್ಚರಿಕೆ ಕೊಟ್ಟು ತಡೆಯುತ್ತದೆ. ಆ ಆ್ಯಪ್ ಲೊಕೇಶನ್ ಅನುಮತಿ ಕೇಳುವುದು ಸರಿ, ಹಳೇ ಆಂಡ್ರಾಯ್ಡ್‌ನಲ್ಲಿ ಬ್ಲೂಟೂತ್ ಹುಡುಕಲು ಅದು ಬೇಕೇ ಬೇಕು. ಆದರೆ ಕಾಂಟ್ಯಾಕ್ಟ್ಸ್, ಎಸ್ಎಂಎಸ್ ಯಾಕೆ? ಟೈರ್ ಗಾಳಿಗೂ ನಮ್ಮತ್ತೆಯ ನಂಬರಿಗೂ ಏನು ಸಂಬಂಧ? ಅದೇ ಫೋನಿನಲ್ಲಿ ಬ್ಯಾಂಕಿನ ಒಟಿಪಿ ಬೇರೆ ಬರುತ್ತದೆ. ಹೆಂಡತಿಯ ಐಫೋನಿಗೆ ಹಾಕೋಣ ಅಂದರೆ ಆಪ್ ಸ್ಟೋರ್ ಬಿಟ್ಟು ಬೇರೆ ದಾರಿ ಇಲ್ಲ. ಯುರೋಪಿಯನ್ ಒಕ್ಕೂಟದವರಿಗೆ 2024ರಿಂದ ಬೇರೆ ಸ್ಟೋರ್ ಸಿಗುತ್ತಿದೆ, ನಮಗಿಲ್ಲ.

ಸ್ಟೋರ್‌ನಲ್ಲೇ ಆ್ಯಪ್ ಸಿಗುವ ಸೆನ್ಸರ್ ಯಾರಾದರೂ ಬಳಸುತ್ತಿದ್ದೀರಾ? ಅಥವಾ ಆ್ಯಪ್ ಬೇಡದ, ಡ್ಯಾಶ್‌ಬೋರ್ಡಿನಲ್ಲಿ ಇಡುವ ಪುಟ್ಟ ಡಿಸ್‌ಪ್ಲೇ ಇರುವುದೇ ವಾಸಿಯಾ? ಮಳೆಗಾಲದ ಕೆಸರು, ಘಾಟಿ ಗುಂಡಿಗೆ ತಡೆಯುತ್ತಾ? ಇನ್ನೊಂದು, ಮುಂದಿನ ಟೈರ್ ಹಿಂದಕ್ಕೆ ಹಾಕಿ ಇನ್ನೊಂದು ಮಳೆಗಾಲ ದೂಡಬಹುದಾ? ಅಂಚಿನಲ್ಲಿ ಗ್ರಿಪ್ 2 ಮಿ.ಮೀ. ಉಳಿದಿದೆ, 1.6ಕ್ಕೆ ಬಂದರೆ ಬದಲಿಸಲೇಬೇಕು ಅಂತ ಗೊತ್ತು. ಕುಶಾಲನಗರದಲ್ಲಿ ಒಳ್ಳೆ ಅಲೈನ್‌ಮೆಂಟ್ ಮಾಡುವವರಿದ್ದರೂ ತಿಳಿಸಿ.